ಇಬ್ನ್ ಬತೂತಾನೂ ಕ್ವೇಕರ್ಸ್ ಹಿಲ್‌ನ ಬಂದರು ಕಾಣಿಕೆಯೂ

ಸಿಡ್ನಿ ವಿಮಾನ ನಿಲ್ದಾಣ

೨೦೦೭ರ ಅಕ್ಟೋಬರ್ ೬, ಶನಿವಾರ, ಬೆಳಿಗ್ಗೆ ಏಳೂ ಹತ್ತಕ್ಕೆ ಕ್ವಾರಂಟೈನ್ ಮೇಜಿನ ಮುಂದೆ ನನ್ನ ಪ್ರವಾಸ ಶುರುವಾಯಿತು. ಹೊನ್ನಾವರ ಬಿಟ್ಟದ್ದು ಅದಕ್ಕೂ ಮೊದಲೇ, ನಿಜ. ಆದರೆ ಏನಾದರೊಂದನ್ನು ಕಳೆದುಕೊಳ್ಳುವ ತನಕ ಪ್ರವಾಸ ಶುರುವಾಯಿತೆಂದು ನಾನು ಡೈರಿಯಲ್ಲಿ ಬರೆಯುವುದಿಲ್ಲ.

ಕಳೆದುಕೊಂಡದ್ದು ಒಂದು ಕಿಲೋ ಮುರುಗಲು ಸಿಪ್ಪೆ, ನಮ್ಮ ಕಡೆ ಸಾರಿಗೆ ಹಾಕುವ ಹುಳಿ. ಅಮ್ಮ ಅದನ್ನು ಬಿಸಿಲಿಗಿಟ್ಟು ಒಣಗಿಸಿ, ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮೇಲೆ ಬಟ್ಟೆ ಹೊಲಿದು ಕೊಟ್ಟಿದ್ದಳು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿರುವ ಸದಾನಂದ ಅಂಕಲ್‌ಗೆ ಮುಟ್ಟಿಸಬೇಕಾದ ಗಂಟು ಅದು. ಬಾರ್ಕೂರು ಮೂಲದ ಈ ಅಂಕಲ್‌ನ ಅಕ್ಕ ನಮ್ಮ ಅಮ್ಮನ ಜೊತೆ ಶಾಲೆಯಲ್ಲಿ ಟೀಚರಾಗಿದ್ದವರು. "ಬರಿಗೈಲಿ ಅವನ ಮನೆಗೆ ಹೋಗಬೇಡ, ಬಾರ್ಕೂರಿನವರು ಮರೆಯೂದಿಲ್ಲ" ಎಂದು ಅಮ್ಮ ಮೂರು ಸಲ ಹೇಳಿದ್ದಳು.

ಮೇಜಿನ ಹಿಂದಿದ್ದ ಹೆಂಗಸು ಕೈಗವಸು ಹಾಕಿಕೊಂಡು ಹೊಲಿಗೆ ಬಿಚ್ಚಿದರು. ಇದೇನು ಎಂದರು. ಹಣ್ಣಿನ ಸಿಪ್ಪೆ ಎಂದೆ. ಹಣ್ಣೆಲ್ಲಿ ಎಂದರು. ನಾವು ಹಣ್ಣು ಬಿಟ್ಟು ಸಿಪ್ಪೆ ಇಟ್ಟುಕೊಳ್ಳುತ್ತೇವೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, ಸಿಪ್ಪೆಯನ್ನು ಜಾಲಾಡಿ, ಅಮ್ಮನ ಕಣ್ಣು ತಪ್ಪಿಸಿ ಉಳಿದಿದ್ದ ನಾಲ್ಕು ಬೀಜಗಳನ್ನು ಹೆಕ್ಕಿ, ಕೊಲೆ ಕೇಸಿನ ಗುಂಡುಗಳ ಹಾಗೆ ಸಾಲಾಗಿ ಜೋಡಿಸಿದರು. ಬೀಜವೆಂದರೆ ಆ ದೇಶಕ್ಕೆ ಶತ್ರು. ಗಂಟು ಪೂರ್ತಿ ಒಂದು ಹಳದಿ ಡಬ್ಬಿಗೆ ಬಿತ್ತು. ಹೊಲಿದ ಬಟ್ಟೆಯನ್ನು ಮಾತ್ರ ಮಡಚಿ ಮರ್ಯಾದೆಯಿಂದ ವಾಪಸು ಕೊಟ್ಟರು.

ಹಾಗೆ ನಾನು ಬರಿಗೈಯವಳಾದೆ. ಈ ಕಥೆಯೆಲ್ಲ ಅಲ್ಲಿಂದ ಹುಟ್ಟಿದ್ದು.

ಕೆಲ್ಲಿವಿಲ್

ನಾನು ಇಳಿದುಕೊಂಡದ್ದು ದೊಡ್ಡಪ್ಪನ ಮಗ ಗಿರೀಶಣ್ಣನ ಮನೆಯಲ್ಲಿ. ಕೆಲ್ಲಿವಿಲ್ ಹೊಸ ಸಬರ್ಬ್. ಮನೆಗಳೆಲ್ಲ ಒಂದೇ ಅಚ್ಚಿನವು, ಪ್ರತಿ ಮನೆಯ ಮುಂದೂ ಎರಡೆರಡು ಕಾರು. ಗಿರೀಶಣ್ಣ ಮಾತಾಡುತ್ತಾ ತನ್ನ ಮನೆಯನ್ನೇ ದಾಟಿ ಹೋಗಿ, ತಿರುಗಿಸಿಕೊಂಡು ಬಂದ. "ದಿನಾ ಹೀಗೇನಾ?" ಎಂದೆ. "ಇಲ್ಲ, ಮಾರ್ಟ್‌ಗೇಜ್ ನೆನಪಾದಾಗ ಮಾತ್ರ ಸರಿಯಾದ ಮನೆ ಸಿಗುತ್ತೆ" ಎಂದ.

ಇನ್ನು ನನ್ನ ಲೆಕ್ಕದ ವಿಚಾರ ಹೇಳಬೇಕು. ನಾನು ಹೊನ್ನಾವರದ ಒಂದು ಕಾಲೇಜಿನಲ್ಲಿ ಸಹಾಯಕ ಗ್ರಂಥಪಾಲಕಿ. ಸುಮಾರು ಆರೂವರೆ ಶತಮಾನದ ಹಿಂದೆ ಮೊರಾಕ್ಕೊ ದೇಶದ ಇಬ್ನ್ ಬತೂತಾ ಎಂಬ ಮಹಾಶಯ ಲೋಕ ಸುತ್ತುತ್ತಾ ನಮ್ಮೂರಿಗೂ ಬಂದಿದ್ದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ, ಗಂಡುಮಕ್ಕಳಿಗೆ ಇಪ್ಪತ್ತಮೂರು ಶಾಲೆ ಕಂಡೆ ಎಂದು ಎಣಿಸಿ ಬರೆದಿಟ್ಟ. ಊರಿಗೆ ಬಂದವನು ಊಟ ಮುಗಿಸಿ ಶಾಲೆ ಎಣಿಸಿದನೆಂದರೆ ಅವನು ನಮ್ಮ ಜಾತಿಯವನೇ, ಎಣಿಸುವವರ ಜಾತಿ. ಆ ಅಭಿಮಾನಕ್ಕೆ ನಾನು ಒಂದು ತೀರ್ಮಾನ ಮಾಡಿದ್ದೆ. ಭೂಮಿಯ ಆ ತುದಿಯಲ್ಲಿ ಅವನ ಹೆಸರು ಎಷ್ಟು ಜನಕ್ಕೆ ಗೊತ್ತು ಎಂದು ಸಿಕ್ಕವರನ್ನೆಲ್ಲ ಕೇಳಿ ಗೆರೆ ಎಳೆಯುವುದು.

ಮೊದಲ ಗೆರೆ ಗಿರೀಶಣ್ಣನದು. "ಇಬ್ನ್ ಬತೂತಾ ಗೊತ್ತಾ?"

"ಗೊತ್ತಿಲ್ದೆ ಏನು? ದುಬೈನಲ್ಲಿರೋ ಮಾಲ್ ಅಲ್ವಾ? ಟ್ರಾನ್ಸಿಟ್‌ನಲ್ಲಿ ಹೋಗಿದ್ವಿ. ಪಾರ್ಕಿಂಗ್ ಚೆನ್ನಾಗಿದೆ."

ಅವನ ಹೆಂಡತಿ ರೂಪಾ ಅತ್ತಿಗೆಯೂ ಮಾಲ್ ಎಂದರು, ಅಲ್ಲಿ ಚಪ್ಪಲಿ ತೊಗೊಂಡಿದ್ದನ್ನು ಸೇರಿಸಿದರು. ಪಕ್ಕದ ಮನೆಯ ಟೋನಿ ಎಂಬ ಮುದುಕ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಗಂಭೀರವಾಗಿ ಯೋಚಿಸಿ, "ಅವನು ಯಾವ ಟೀಮಿಗೆ ಆಡ್ತಾನೆ?" ಎಂದ. ಇದೇ ಟೋನಿ ದಿನವೂ ಬೆಳಿಗ್ಗೆ ಬೇಲಿಯಾಚೆಯಿಂದ ಹೇಗಿದ್ದೀ ಎಂದು ಕೇಳುತ್ತಿದ್ದ. ಮೊದಲ ದಿನ ನಾನು ನಿಂತು, ನಿದ್ದೆ ಸರಿಯಾಗಿಲ್ಲ, ಹೊಟ್ಟೆ ಸ್ವಲ್ಪ ಉಬ್ಬರ ಎಂದು ವಿವರವಾಗಿ ಹೇಳತೊಡಗಿದೆ. ತಲೆಯೆತ್ತಿ ನೋಡಿದರೆ ಅವನ ಕಾರು ಮೂಲೆ ತಿರುಗುತ್ತಿತ್ತು. ಅಲ್ಲಿ ಅದು ಪ್ರಶ್ನೆಯಲ್ಲವಂತೆ. ನಮ್ಮಲ್ಲಿ "ಊಟ ಆಯ್ತಾ" ಎಂದು ಕೇಳಿದವರು ಕಡೇ ಪಕ್ಷ ಏನು ಸಾರು ಎಂದು ತಿಳಿದೇ ಮುಂದೆ ಹೋಗುತ್ತಾರೆ.

ಒಪೆರಾ ಹೌಸನ್ನೂ ನೋಡಿದೆ. ದೂರದಿಂದ ಹಾಯಿ ಬಿಚ್ಚಿದ ಹಡಗು. ಹತ್ತಿರ ಹೋಗಿ ಕೈಯಿಟ್ಟರೆ ಬಚ್ಚಲುಮನೆಯ ಟೈಲ್ಸು. ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಒಬ್ಬ ಲೆಬನಾನಿನ ಹುಡುಗ ಮಾತ್ರ ಇಬ್ನ್ ಬತೂತಾ ಎಂದೊಡನೆ ಎದೆ ಮುಟ್ಟಿಕೊಂಡು ನಕ್ಕ. ಶಾಲೆಯಲ್ಲಿ ಅವನ ಮೇಲೆ ಪ್ರಬಂಧ ಬರೆಸಿ ಬರೆಸಿ ಸಾಯಿಸಿದರು ಎಂದ. ನಾಲ್ಕು ದಿನಕ್ಕೆ ಅದೊಂದೇ ಗೊತ್ತು ಎಂಬ ಗೆರೆ.

ಈ ನಡುವೆ ಸದಾನಂದ ಅಂಕಲ್ ಫೋನ್ ಮಾಡುತ್ತಲೇ ಇದ್ದರು. "ಯಾವಾಗ ಬರ್ತಿ ಮಾರಾಯ್ತಿ?" ಭಾನುವಾರ ಬರುತ್ತೇನೆಂದು ಹೇಳಿ ಆ ದಿನ ತಲೆನೋವು ಎಂದೆ. ಇನ್ನೊಂದು ದಿನ ಜೆಟ್ ಲ್ಯಾಗ್. ಬರಿಗೈಯಲ್ಲಿ ಹೋಗುವ ಧೈರ್ಯ ನನಗಿರಲಿಲ್ಲ. ಇಂಡಿಯನ್ ಅಂಗಡಿಯಲ್ಲಿ ಹುಡುಕಿದರೆ ಕಾರ್ಖಾನೆಯ ಮುರುಗಲು ಸಿಕ್ಕಿತು. ಅದಕ್ಕೆ ರಬ್ಬರಿನ ವಾಸನೆ. ಕರಾವಳಿಯವರ ಮೂಗಿಗೆ ಅದನ್ನು ಹಿಡಿಯುವುದಕ್ಕಿಂತ ಓಡಿಹೋಗುವುದು ವಾಸಿ ಎನಿಸಿತು. ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿರುವ ನನ್ನ ಗೆಳತಿ ವಿದ್ಯಾಳ ಮನೆಗೆ ಗುರುವಾರ ಸಂಜೆಯ ಬಸ್ಸು ಬುಕ್ ಮಾಡಿದೆ.

ಸಿಡ್ನಿ ಬಸ್ ನಿಲ್ದಾಣ

ಗುರುವಾರ ಸಂಜೆ, ಅಕ್ಟೋಬರ್ ೧೧. ಬಸ್ಸಿನ ಹೊಟ್ಟೆಗೆ ಸೂಟ್‌ಕೇಸು ಹಾಕುವವರ ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ ನನ್ನ ಸೂಟ್‌ಕೇಸಿನ ಹಿಡಿ ಹಿಡಿದರು.

"ಎಂಥ ಮಾರಾಯ್ತಿ, ಮನೆಗೆ ಬಾರದೆ ಹಾಗೇ ಹೋಗುದಾ?"

ಗಿಡ್ಡ ಮೈಕಟ್ಟು, ದಪ್ಪ ಮೀಸೆ, ಕೆಲಸದ ಕಿತ್ತಳೆ ಜಾಕೆಟು. ಸದಾನಂದ ಅಂಕಲ್ ರೈಲ್ವೆ ಸಿಗ್ನಲ್ ಎಂಜಿನಿಯರ್. ಗಾಡಿ ನಿಲ್ಲಿಸುವುದೇ ಅವರ ವೃತ್ತಿ. ರೂಪಾ ಅತ್ತಿಗೆ ಫೋನಿನಲ್ಲಿ ಬಸ್ಸಿನ ವಿಷಯ ಬಾಯಿಬಿಟ್ಟಿದ್ದರು.

"ಅಂಕಲ್, ಬಸ್ಸು ಹೊರಡ್ತದೆ..."

"ಹೊರಡ್ಲಿ. ಬಸ್ಸಿಗೆ ನಾವು ಬೇಡ ಹೇಳಿದ್ದೇವಾ? ನೀನು ಈಚೆ ಬಾ. ಮೆಲ್ಬರ್ನಿಗೆ ಶನಿವಾರ ನಾವೇ ಹೋಗುದು ಉಂಟು, ಕಾರಲ್ಲಿ. ಆದಿತ್ಯವಾರ ಅಲ್ಲಿ ದಸರಾ ಕೂಟ. ದೀಕ್ಷಾ, ಇವಳನ್ನು ನೋಡಿಕೋ, ನಾನು ಕಾರು ತರ್ತೇನೆ."

ಸೂಟ್‌ಕೇಸು ಅವರ ಜೊತೆ ಹೋಯಿತು. ಅವರ ಹತ್ತು ವರ್ಷದ ಮಗಳು ನನ್ನ ಜೊತೆ ಉಳಿದಳು. ಎರಡು ಜಡೆ, ಹಲ್ಲಿಗೆ ತಂತಿ. ನನ್ನ ಜಾಕೆಟಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಸಾರಿ ಆಂಟಿ, ಐ ಆಮ್ ಲೈಕ್, ದ ಹಾಸ್ಟೇಜ್" ಎಂದಳು.

ಬಸ್ಸು ನನ್ನೆದುರೇ ಹೊರಟುಹೋಯಿತು. ನನಗೆ ಕೋಪ ಬರಬೇಕಿತ್ತು. ಬಂದದ್ದು ನಗು. ಯಾಕೆಂದರೆ ಈ ಪ್ರಸಂಗವನ್ನು ನಾನು ಮೊದಲೇ ಓದಿದ್ದೆ.

ಇಬ್ನ್ ಬತೂತಾ ಹೊನ್ನಾವರದಿಂದ ದಕ್ಷಿಣಕ್ಕೆ ಹೋಗುತ್ತಾ ಬಾರ್ಕೂರಿನಲ್ಲಿ ಲಂಗರು ಹಾಕಿದ. ಅಲ್ಲಿನ ಅರಸು ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳಿಸಿ, ಇವನನ್ನು ದಡಕ್ಕೆ ಕರೆಸಿಕೊಂಡು ಮೂರು ರಾತ್ರಿ ಉಪಚರಿಸಿದ. ಆ ತೀರದ ಒಂದು ಪದ್ಧತಿಯನ್ನೂ ಇವನು ಬರೆದಿದ್ದಾನೆ. ಹಾದುಹೋಗುವ ಹಡಗು ಬಂದರಿನಲ್ಲಿ ನಿಲ್ಲಲೇಬೇಕು, ಅರಸನಿಗೆ ಕಾಣಿಕೆ ಕೊಡಲೇಬೇಕು. ಅದು ಬಂದರಿನ ಹಕ್ಕು. ನಿಲ್ಲದೆ ಹೋದರೆ ಬೆನ್ನಟ್ಟಿ, ಹಿಡಿದು, ಎಳೆದುತಂದು ಎರಡು ಪಟ್ಟು ವಸೂಲು ಮಾಡುತ್ತಾರೆ. ಮನಸ್ಸು ಬಂದಾಗ ಬಿಡುತ್ತಾರೆ.

ಬಾರ್ಕೂರಿನ ಬಂದರಿನಲ್ಲಿ ಹೂಳು ತುಂಬಿ ಎಷ್ಟು ಕಾಲವಾಯಿತೋ. ಪದ್ಧತಿಗೆ ಮಾತ್ರ ಹೂಳು ಹಿಡಿದಿಲ್ಲ.

ಕ್ವೇಕರ್ಸ್ ಹಿಲ್

ದಂಡ ಎರಡು ಪಟ್ಟೇ ಬಿತ್ತು. ಅಂಕಲ್‌ನ ಹೆಂಡತಿ ಶಕುಂತಲಾ ಆಂಟಿ ಆ ಸಂಜೆ ನೀರುದೋಸೆ, ಕೋಳಿ ಗಸಿ ಬಡಿಸಿದರು. ಮುಗಿಯಿತು ಎನ್ನುವಾಗ "ಇದು ಇವತ್ತಿನದ್ದು. ಆದಿತ್ಯವಾರ ಬರ್ತೇನೆ ಹೇಳಿ ಬರ್ಲಿಲ್ಲ ಅಲ್ವಾ, ಆವತ್ತಿನದ್ದು ಬಾಕಿ ಉಂಟು" ಎಂದು ಅನ್ನ, ಬಂಗುಡೆ ಮೀನಿನ ಸಾರು ಸುರಿದರು. ಅನ್ನ ತಿಂದೂ ತಿಂದೂ ಕಡೆಗೆ ನೀರು ಕುಡಿದು ನುಂಗಬೇಕಾಯಿತು ಎಂದು ನಮ್ಮ ಸೀಮೆಯ ಬಗ್ಗೆ ಇಬ್ನ್ ಬತೂತಾ ಗೋಳಾಡಿದ್ದಾನೆ. ಓದುವಾಗ ಅವನದು ಅತಿಯಾಯಿತು ಎಂದುಕೊಂಡಿದ್ದೆ. ಈಗ ಕ್ಷಮೆ ಕೇಳಿದೆ.

ಬರಿಗೈಯ ಕಾರಣ ಹೇಳಿ, ಅಮ್ಮ ಹೊಲಿದ ಬಟ್ಟೆಯನ್ನು ಸಾಕ್ಷಿಗೆ ತೋರಿಸಿದೆ. ಅಂಕಲ್ ಬಟ್ಟೆಯನ್ನು ಮೂಗಿಗೆ ಹಿಡಿದು ಉಸಿರೆಳೆದರು. "ವಾಸನೆ ಉಂಟು. ಸಾಕು." ಆಮೇಲೆ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಸಿಕ್ಕಿಸಿದರು.

ಹೆದರಿಕೊಂಡೇ ನನ್ನ ಪ್ರಶ್ನೆ ಕೇಳಿದೆ.

"ಬತೂತಾನಾ?" ಅಂಕಲ್ ಎದ್ದೇ ನಿಂತರು. "ನಮ್ಮ ಮನೆಯಲ್ಲಿ ಇದ್ದದ್ದಲ್ವಾ ಅವನು! ಮೂರು ರಾತ್ರಿ!"

"ನಿಮ್ಮ ಮನೆಯಲ್ಲಾ?"

"ಬಾರ್ಕೂರಲ್ಲಿ. ಬಾರ್ಕೂರು ಅಂದ್ರೆ ನಮ್ಮ ಮನೆಯೇ ಅಲ್ವಾ?"

ಆಂಟಿ ಪಾತ್ರೆ ತೊಳೆಯುತ್ತಲೇ, "ಹೋದ ವರ್ಷ ಬರೀ ಊರಿಗೆ ಬಂದಿದ್ದ. ಈ ವರ್ಷ ಮನೆಯೊಳಗೆ ಬಂದ. ಮುಂದಿನ ವರ್ಷ ಇವರ ಸೋದರಮಾವ ಆಗ್ತಾನೆ" ಎಂದರು.

ಆಗ ತಿಳಿದದ್ದು ಭಾನುವಾರದ ಸಂಗತಿ. ದಸರಾ ಕೂಟದಲ್ಲಿ ಮಕ್ಕಳ ವೇಷ ಸ್ಪರ್ಧೆ. ವೇಷ ಹಾಕಿ ಕನ್ನಡದಲ್ಲಿ ನಾಲ್ಕು ಮಾತು ಹೇಳಬೇಕು. ಹೋದ ವರ್ಷ ದೀಕ್ಷಾ ಕರಾವಳಿಯ ರಾಣಿಯಾಗಿ, ಕಿರೀಟ ಕತ್ತಿ ಸಮೇತ ವೇದಿಕೆ ಹತ್ತಿ, ಮಾತು ಮರೆತು, ಕತ್ತಿ ಎತ್ತಿ ಹಿಡಿದೇ "ಸಾರಿ, ಐ ಫರ್ಗಾಟ್" ಎಂದಿದ್ದಳು. ಸಭೆ ಹೊಟ್ಟೆ ಹಿಡಿದು ನಕ್ಕಿತ್ತು. ಅಂದಿನಿಂದ ಅವಳು ಹೊರಗಿನವರ ಮುಂದೆ ಒಂದು ಕನ್ನಡ ಶಬ್ದ ಆಡಿಲ್ಲವಂತೆ. ಅಜ್ಜಿ ಫೋನ್ ಮಾಡಿದರೂ ಇಂಗ್ಲಿಷು. ಅಜ್ಜಿಗೆ ಇಂಗ್ಲಿಷ್ ಬಾರದು. ಈ ವರ್ಷ ಇಬ್ನ್ ಬತೂತಾನ ವೇಷಕ್ಕೆ ಹೇಗೆ ಒಪ್ಪಿದಳು ಎಂದು ಕೇಳಿದೆ. ದೀಕ್ಷಾ ತಾನೇ ವಿವರಿಸಿದಳು, ಇಂಗ್ಲಿಷಿನಲ್ಲಿ. ರಾಣಿಯ ಕನ್ನಡ ಸರಿಯಿರಬೇಕಾಗುತ್ತದೆ. ಈ ಮನುಷ್ಯ ಹೊರದೇಶದವನು. ಅವನ ಕನ್ನಡ ಕೆಟ್ಟದಾಗಿದ್ದರೆ ಅದು ಸರಿಯಾದ ವೇಷ.

ಇಬ್ನ್ ಬತೂತಾನಿಂದ ಇಂಥ ಉಪಯೋಗವಿದೆ ಎಂದು ಯಾವ ವಿದ್ವಾಂಸನೂ ಹೇಳಿರಲಿಕ್ಕಿಲ್ಲ. ಈ ಸಲವೂ ಸಭೆ ನಕ್ಕರೆ ಇನ್ನು ಅವಳ ಬಾಯಿಂದ ಕನ್ನಡ ಹೊರಡುವುದಿಲ್ಲ ಎಂದು ಆಂಟಿ ನನ್ನ ಕಿವಿಯಲ್ಲಿ ಹೇಳಿದರು. ಅಂಕಲ್ ಮೀಸೆ ತಿರುವುತ್ತಿದ್ದರು. ಆದರೆ ಅವರ ಎಡಗಾಲು ಮೇಜಿನ ಕೆಳಗೆ ಒಂದೇ ಸಮ ಕುಣಿಯುತ್ತಿತ್ತು.

ಹೆದ್ದಾರಿ

ಶನಿವಾರ ಬೆಳಗಾಗುತ್ತಲೇ ಹೊರಟೆವು. ಸಿಡ್ನಿಯಿಂದ ಮೆಲ್ಬರ್ನಿಗೆ ರಸ್ತೆಯೆಂದರೆ ಹೊನ್ನಾವರದಿಂದ ಹೊರಟು ರಾಜ್ಯ ದಾಟಿ ಇನ್ನೊಂದು ರಾಜ್ಯದಲ್ಲಿ ಬೇಸರ ಬರುವಷ್ಟು ದೂರ. ನಡುವೆ ಊರೇ ಇಲ್ಲ. ಚಹಾದಂಗಡಿ ಇಲ್ಲ, ಎಮ್ಮೆ ಇಲ್ಲ, ಹಾರನ್ ಇಲ್ಲ. ಗೋಲ್ಬರ್ನ್ ಎಂಬಲ್ಲಿ ಮೂರು ಮಹಡಿ ಎತ್ತರದ ಸಿಮೆಂಟಿನ ಟಗರು ನಿಂತಿದೆ. ನಾವು ಇಷ್ಟೆತ್ತರದ ಮೂರ್ತಿ ಮಾಡಿದರೆ ಕೈ ಮುಗಿಯುತ್ತೇವೆ. ಅವರು ಅದರ ಹೊಟ್ಟೆಯೊಳಗೆ ಅಂಗಡಿ ಇಟ್ಟು ಉಣ್ಣೆಯ ಕಾಲುಚೀಲ ಮಾರುತ್ತಾರೆ.

ದೀಕ್ಷಾ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಪಾಠ ಒಪ್ಪಿಸುತ್ತಿದ್ದಳು. ಅಪ್ಪ ಬರೆದುಕೊಟ್ಟ ಮಾತು. "ನಾನು ಇಬ್ನ್ ಬತೂತಾ. ಬಹುದೂರದಿಂದ ಬಂದೆ. ಬಾರ್ಕೂರಿನಂಥ ಆತಿಥ್ಯ ಭೂಲೋಕದಲ್ಲೇ ಕಾಣೆ..." ಹೀಗೆ ಒಂದು ಪುಟ. ಥಟ್ಟನೆ ನಿಲ್ಲಿಸಿ, ಇದೆಲ್ಲ ನಿಜವಾಗಿ ಅವನು ಹೇಳಿದ್ದಾ ಎಂದು ಕೇಳಿದಳು.

ಕನ್ನಡಿಯಲ್ಲಿ ಅಂಕಲ್‌ನ ಕಣ್ಣು ನನ್ನ ಮೇಲಿತ್ತು.

ಗ್ರಂಥಪಾಲಕಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದ್ದದ್ದನ್ನು ಹೇಳಿದೆ. ಕಬ್ಬು ಬಹಳ ಚೆನ್ನಾಗಿದೆ ಎಂದ, ಅದು ನಿಜ. ಮೂರು ರಾತ್ರಿ ಉಪಚಾರ, ಅದೂ ನಿಜ. ಆದರೆ ಅದು ಇವನನ್ನು ದೂತನಾಗಿ ಕಳಿಸಿದ್ದ ದಿಲ್ಲಿಯ ಸುಲ್ತಾನನ ಮೇಲಿನ ಗೌರವಕ್ಕೆ, ಜೊತೆಗೆ ಹಡಗಿನವರ ಹತ್ತಿರ ಒಂದಿಷ್ಟು ವ್ಯಾಪಾರವೂ ಆಗಲೆಂದು. ಅರಸನ ಮೂವತ್ತು ಹಡಗುಗಳ ನಾಯಕ ಕಡಲ್ಗಳ್ಳ, ವರ್ತಕರನ್ನು ದೋಚುವವನು ಎಂದೂ ಬರೆದಿದ್ದಾನೆ. ಆಮೇಲೆ ಆ ಬಂದರು ಹಕ್ಕಿನ ವಿಷಯ.

"ಪೈರೇಟ್ಸ್?" ದೀಕ್ಷಾಳ ತಂತಿಯ ಹಲ್ಲು ಪೂರ್ತಿ ಹೊರಗೆ ಬಂತು. "ಡ್ಯಾಡ್! ವಿ ವರ್ ಪೈರೇಟ್ಸ್?"

"ಅದೆಲ್ಲ ಸ್ಟೇಜಲ್ಲಿ ಬೇಡ" ಎಂದರು ಅಂಕಲ್. "ಅಲ್ಲಿ ಮಂಗಳೂರಿನವರು ಇರ್ತಾರೆ. ಬಾರ್ಕೂರಿನ ಮಾನ ಏನಾಗ್ಬೇಕು?"

"ಮಾನ ಗುರುವಾರವೇ ಬಸ್ ಸ್ಟ್ಯಾಂಡಲ್ಲಿ ಹೋಯ್ತು" ಎಂದರು ಆಂಟಿ. "ಸೂಟ್‌ಕೇಸ್ ಎಳ್ಕೊಂಡು ಬಂದವರು ಯಾರು?"

ಅಂಕಲ್ ಮೆಲ್ಬರ್ನ್ ಮುಟ್ಟುವ ತನಕ ರಸ್ತೆಯನ್ನೇ ದುರುಗುಟ್ಟಿ ನೋಡಿದರು. ಊಟದ ಡಬ್ಬಿಯನ್ನೂ ನನಗೆ ಆಂಟಿಯ ಕೈಯಲ್ಲೇ ದಾಟಿಸಿದರು. ಮಗಳ ಕೈಯಲ್ಲಿದ್ದ ಒಂದೇ ಊರುಗೋಲನ್ನು ನಾನು ಎಳೆದುಹಾಕಿದೆನೇನೋ ಎಂದು ನನಗೂ ಅನ್ನಿಸಿತು. ಅವಳು ಪುಟವನ್ನು ಮಡಚಿ ಮಡಚಿ ಪುಟ್ಟ ಚೌಕ ಮಾಡಿ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದಳು.

ವಿಂಡಮ್ ವೇಲ್

ಭಾನುವಾರ, ಅಕ್ಟೋಬರ್ ೧೪. ಮೆಲ್ಬರ್ನಿನ ಹವೆಗೆ ನಾಚಿಕೆಯೆಂಬುದಿಲ್ಲ. ಬೆಳಿಗ್ಗೆ ಬಿಸಿಲು, ಸ್ನಾನ ಮುಗಿಸುವಷ್ಟರಲ್ಲಿ ಮಳೆ, ಸೀರೆ ಉಡುವಷ್ಟರಲ್ಲಿ ಸೀರೆಯನ್ನೇ ಕಿತ್ತುಕೊಂಡು ಹೋಗುವ ಗಾಳಿ. ಗೆಳತಿ ವಿದ್ಯಾ ಧಾರವಾಡದವಳು, ಓದಲು ಬಂದು ಖಾಯಂ ವಾಸದ ಪಿಆರ್ ಪಡೆದು ಅಲ್ಲೇ ಉಳಿದವಳು. ನನ್ನ ಕಥೆ ಕೇಳಿ, "ಅಲ್ಲಲೇ, ನಿನ್ನ ಕಿಡ್ನ್ಯಾಪ್ ಮಾಡ್ಯಾರಂತ ಹೇಳಾಕ ಏನಾಗಿತ್ತು? ನಾ ಇಲ್ಲಿ ಎರಡು ದಿನ ಹೋಳಿಗಿ ಇಟಗೊಂಡು ಕುಂತೀನಿ" ಎಂದಳು. ಅಲ್ಲಿಯೂ ಎರಡು ಪಟ್ಟು ತಿಂದೆ. ಈ ರೋಗ ಬಾರ್ಕೂರಿಗಷ್ಟೇ ಸೀಮಿತವಲ್ಲ.

ಕೂಟ ನಡೆದದ್ದು ಹತ್ತಿರದ ಒಂದು ಕಮ್ಯುನಿಟಿ ಹಾಲ್‌ನಲ್ಲಿ. ಕಾರ್ಯಕ್ರಮ ತಡವಾಗಿ ಶುರುವಾಗಿ ನನಗೆ ಊರಿನ ನೆನಪು ತಂದಿತು. ಕಾಯುವಾಗ ಗೆರೆ ಎಳೆದೆ. ಮೂವತ್ತೊಂದು ಮಂದಿಯನ್ನು ಕೇಳಿದ್ದರಲ್ಲಿ ಹದಿನಾಲ್ಕು ಮಂದಿಗೆ ಇಬ್ನ್ ಬತೂತಾ ಮಾಲ್, ಹದಿಮೂರು ಮಂದಿಗೆ ಏನೂ ಅಲ್ಲ. ನಾಲ್ವರಿಗೆ ಗೊತ್ತಿತ್ತು, ಆ ನಾಲ್ವರೂ ಅವನು ಹೆಚ್ಚು ಹೊಗಳಿದ್ದು ತಮ್ಮ ಊರನ್ನೇ ಎಂದರು. ಅವರಲ್ಲೊಬ್ಬರು ಚಿಕ್ಕಮಗಳೂರಿನವರು. ಅವನು ಘಟ್ಟ ಹತ್ತಿದ್ದನ್ನು ನಾನೆಲ್ಲೂ ಓದಿಲ್ಲ.

ಏಳು ಕೃಷ್ಣರು, ಒಂದು ಟೊಮೆಟೊ, ಮೂವರು ಸ್ವಾತಂತ್ರ್ಯ ಯೋಧರಾದ ಮೇಲೆ ದೀಕ್ಷಾಳ ಸರದಿ. ಅಪ್ಪನ ಸ್ನಾನದ ನಿಲುವಂಗಿ, ಪಂಚೆಯ ಮುಂಡಾಸು, ಹತ್ತಿಯ ಗಡ್ಡ. ಮೈಕಿನ ಮುಂದೆ ನಿಂತಳು.

"ನಾನು ಇಬ್ನ್ ಬತೂತಾ. ಬಹುದೂರದಿಂದ ಬಂದೆ."

ಅಷ್ಟೇ. ಮುಂದಿನದು ಇಲ್ಲ. ಹತ್ತಿ ಗಡ್ಡ ಅಲ್ಲಾಡಿತು, ಮಾತು ಬರಲಿಲ್ಲ. ಮುಂದಿನ ಸಾಲಿನಲ್ಲಿ ಅಂಕಲ್‌ನ ತುಟಿಗಳು "ಬಾರ್ಕೂರಿನಂಥ, ಬಾರ್ಕೂರಿನಂಥ" ಎಂದು ಕುಣಿಯುತ್ತಿದ್ದವು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಹೋದ ವರ್ಷದವಳೇ ಅಲ್ವಾ?" ಎಂಬ ಪಿಸುಮಾತು ವೇದಿಕೆಯವರೆಗೂ ಹೋಯಿತು. ಆಂಟಿ ಕಣ್ಣು ಮುಚ್ಚಿಕೊಂಡರು. ದೀಕ್ಷಾಳ ಬಾಯಿ "ಸಾ" ಎಂಬ ಆಕಾರಕ್ಕೆ ಬರುತ್ತಿರುವುದು ನನಗೆ ಕಾಣಿಸಿತು.

ಅದೇ ಹೊತ್ತಿಗೆ ವಿದ್ಯಾಳ ಗಂಡ ಪ್ರಶಾಂತ ಪಕ್ಕದ ಬಾಗಿಲಿಂದ ಒಳಗೆ ಬಂದ. ಕೈಯಲ್ಲಿ ಎಲ್ಲರಿಗೂ ಹಂಚಬೇಕಾದ ಮೈಸೂರುಪಾಕಿನ ದೊಡ್ಡ ಡಬ್ಬ. ತಲೆ ತಗ್ಗಿಸಿ, ಯಾರಿಗೂ ಅಡ್ಡವಾಗಬಾರದೆಂದು ವೇದಿಕೆಯ ಮುಂದಿನಿಂದ ಮೆಲ್ಲಗೆ ದಾಟತೊಡಗಿದ.

"ನಿಲ್ಲಿ!"

ಹಾಲ್ ಬೆಚ್ಚಿತು. ಪ್ರಶಾಂತ ಒಂದು ಕಾಲು ಎತ್ತಿ ಹಿಡಿದೇ ನಿಂತ. ದೀಕ್ಷಾ ಗಡ್ಡವನ್ನು ಕಿತ್ತು ಎಸೆದಳು. "ಇದು ಬಾರ್ಕೂರು! ನೀವು ನಿಲ್ಲದೆ ಹೋಗುದಾ? ಕಾಣಿಕೆ ಎಲ್ಲಿ? ನಿಲ್ಲದೆ ಹೋದ್ರೆ ಡಬಲ್!"

ಅಪ್ಪನ ರಾಗ, ಅಪ್ಪನ ಧಾಟಿ, ಬಸ್ ನಿಲ್ದಾಣದ ಅದೇ ಮಾತು. ಅಪ್ಪ ಬರೆದ ಪುಟದಲ್ಲಿ ಅದಿರಲಿಲ್ಲ. ಅಪ್ಪನ ಬಾಯಲ್ಲಿ ಇತ್ತು, ಅವಳು ಹುಟ್ಟಿದಂದಿನಿಂದ ಕೇಳಿದ್ದು. ಸಭೆ ನಕ್ಕಿತು. ಅವಳ ಮುಖ ಒಂದು ಕ್ಷಣ ಬಿಳಿಚಿತು, ಇದು ಯಾವ ನಗು ಎಂದು ಅಳೆಯುವ ಹಾಗೆ. ಪ್ರಶಾಂತ, ಪುಣ್ಯಾತ್ಮ, ಡಬ್ಬ ತೆರೆದು ಒಂದು ತುಂಡು ಎತ್ತಿ ಕೊಟ್ಟ.

"ಡಬಲ್ ಹೇಳಿದ್ದು!" ಎಂದಳು ದೀಕ್ಷಾ.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ವೇದಿಕೆಯಿಂದ ಇಳಿದು ಸಾಲು ಸಾಲಾಗಿ ವಸೂಲಿಗೆ ಹೊರಟಳು. "ನೀವು ಎಲ್ಲಿಂದ? ಮಂಗಳೂರಾ? ನಿಮ್ಮ ಹಡಗು ನಮ್ಮ ಬಂದರು ದಾಟಿಯೇ ಹೋಗ್ಬೇಕು, ಕೊಡಿ!" ಕಿಸಕ್ಕೆಂದಿದ್ದ ಹಿಂದಿನ ಸಾಲಿನ ಗಂಡಸು ಹೊರಗೆ ಜಾರಲು ಎದ್ದ. ಆಗ ಸದಾನಂದ ಅಂಕಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಜಗಳವಾಗುತ್ತದೆಂದು ನಾನೂ ಎದ್ದೆ. ಅವರು ನೆಟ್ಟಗೆ ನಡೆದು ಹೋಗಿ, ಹಾಲ್‌ನ ದೊಡ್ಡ ಬಾಗಿಲಿಗೆ ಬೆನ್ನು ಕೊಟ್ಟು, ಎರಡು ಕೈ ಅಗಲಿಸಿ ನಿಂತರು.

"ಮೂವತ್ತು ಹಡಗು ಉಂಟು ನಮ್ಮದು!" ಎಂದು ಗರ್ಜಿಸಿದರು. "ಕಾಣಿಕೆ ಕೊಡದೆ ಯಾರು ಹೋಗುದು, ನೋಡುವ!"

ಆ ಗಂಡಸು ಜೇಬಿನಿಂದ ಒಂದು ಪೆಪ್ಪರ್‌ಮಿಂಟು ತೆಗೆದು ಕೊಟ್ಟ.

ಬಹುಮಾನ ಅವಳಿಗೆ ಬರಲಿಲ್ಲ. ವೇದಿಕೆಯಲ್ಲೇ ನಿದ್ದೆಹೋದ ಕೃಷ್ಣನಿಗೆ ಹೋಯಿತು. ದೀಕ್ಷಾಳ ಮುಂಡಾಸಿನಲ್ಲಿ ಹನ್ನೊಂದು ಚಾಕೊಲೇಟು, ಆರು ತುಂಡು ಮೈಸೂರುಪಾಕು, ಒಂದು ಪೆಪ್ಪರ್‌ಮಿಂಟು, ಯಾರದೋ ಕಾರಿನ ಕೀ. ಕೀಯನ್ನು ಮಾತ್ರ ಹಿಂತಿರುಗಿಸಿದಳು. ಆ ಸಂಜೆ ಅವಳು ವಿದ್ಯಾಳ ಫೋನಿನಿಂದ ಬಾರ್ಕೂರಿಗೆ ಮಾತಾಡಿದಳು. ಅಜ್ಜಿಗೆ ಇಡೀ ಪ್ರಸಂಗ ಕನ್ನಡದಲ್ಲಿ, ತಪ್ಪು ತಪ್ಪಾಗಿ, ಉಸಿರು ಬಿಡದೆ. ಆ ಕಡೆ ಅಜ್ಜಿ ಏನೋ ಕೇಳಿದರು. ದೀಕ್ಷಾ ಫೋನಿಗೆ ಕೈ ಅಡ್ಡವಿಟ್ಟು ನನ್ನತ್ತ ತಿರುಗಿದಳು.

"ಆಂಟಿ, ಅಜ್ಜಿ ಕೇಳ್ತಾ ಉಂಟು, ಆ ಮೂರು ರಾತ್ರಿ ಅವನಿಗೆ ಊಟಕ್ಕೆ ಎಂಥ ಹಾಕಿದ್ದು?"

ನನಗೆ ಗೊತ್ತಿರಲಿಲ್ಲ. ಹೊನ್ನಾವರದ ಊಟವನ್ನು ಅವನು ತುಪ್ಪ, ಉಪ್ಪಿನಕಾಯಿಯಿಂದ ಹಿಡಿದು ಕೊನೆಯ ಮೊಸರಿನವರೆಗೆ ವರ್ಣಿಸಿದ್ದಾನೆ. ಬಾರ್ಕೂರಿನ ಊಟದ ಬಗ್ಗೆ, ನಾನು ಓದಿದಮಟ್ಟಿಗೆ, ಒಂದು ಸೊಲ್ಲೂ ಇಲ್ಲ. ಊರಿಗೆ ಬಂದ ಮೇಲೆ ನಮ್ಮ ಗ್ರಂಥಾಲಯದಲ್ಲೂ ಹುಡುಕಿ ನೋಡಿದೆ, ಸಿಗಲಿಲ್ಲ. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಬಾರ್ಕೂರಿನಲ್ಲಿ ಇಬ್ನ್ ಬತೂತಾನಿಗೆ ಏನು ಬಡಿಸಿದರು ಎಂದು ತಿಳಿದವರು ಯಾರಾದರೂ ಇದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಹತ್ತು ವರ್ಷದ ಹುಡುಗಿಯೂ ಅವಳ ಅಜ್ಜಿಯೂ ವಾರಕ್ಕೊಮ್ಮೆ ಫೋನಿನಲ್ಲಿ ಇದೇ ವಿಷಯಕ್ಕೆ ಜಗಳವಾಡುತ್ತಿದ್ದಾರೆ, ಕನ್ನಡದಲ್ಲಿ. ಬರೆಯುವವರು ದಯವಿಟ್ಟು ಆಧಾರ ಸಮೇತ ಬರೆಯಬೇಕು. ಸದಾನಂದ ಅಂಕಲ್ ಬರೆಯುವುದು ಬೇಡ.